ಕೊಸರಿಗೆ ಬಂದ ಪರದೆ

ನನ್ನ ಗಂಡ ಕುಡಿದು ಬಸ್ಸು ಓಡಿಸುತ್ತಾರೆ ಎಂದು ಇಂಟರ್ನೆಟ್ಟಿನಲ್ಲಿ ಮೊದಲು ಬರೆದವನು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೆಸರಿನ ಜಾಗದಲ್ಲಿ ನಾಲ್ಕು ಅಂಕಿ, ಮುಖದ ಜಾಗದಲ್ಲಿ ನಾಲಗೆ ಚಾಚಿದ ನಾಯಿಯ ಚಿತ್ರ. ‘ಡ್ರೈವರ್ ಅಂಕಲ್ ಬೆಳಿಗ್ಗೆನೇ ಟೈಟು’ ಎಂದು ಬರೆದಿದ್ದ. ಅದರ ಕೆಳಗೆ ಇನ್ನೊಬ್ಬ, ‘ಇದಕ್ಕೇ ಡ್ಯೂಟಿಯಿಂದ ಓಡ್ಸಿರ್ಬೇಕು’ ಎಂದು ಸೇರಿಸಿದ್ದ. ಇಪ್ಪತ್ತಾರು ವರ್ಷ ಈ ಊರಿನ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ, ಮದುವೆ ಮನೆಯಲ್ಲಿ ಕೊಟ್ಟ ಪಾನಕವನ್ನೂ ಮೂಸಿ ನೋಡಿ ಕುಡಿಯುವವರು. ಅಂಥವರಿಗೆ ಈ ಮಾತು. ಅದೂ ಬರೆದವರು ನೋಡುತ್ತಿದ್ದುದು ನಿಜವಾದ ಬಸ್ಸನ್ನಲ್ಲ, ಕಂಪ್ಯೂಟರ್ ಆಟದ ಬಸ್ಸನ್ನು. ಆ ಬಸ್ಸು ಎಗರಿ ಎಗರಿ ಹೋಗುತ್ತಿದ್ದುದು ಇವರ ಕೈಯಿಂದಲ್ಲ, ವಿಡಿಯೋ ತಡವರಿಸುತ್ತಿದ್ದುದರಿಂದ. ನೋಡುವವನಿಗೆ ಆ ವ್ಯತ್ಯಾಸ ಹೇಗೆ ತಿಳಿಯಬೇಕು? ಅವನಿಗೆ ಕಂಡದ್ದು ನೆಟ್ಟಗೆ ಬಸ್ಸು ಓಡಿಸಲು ಬಾರದ ಒಬ್ಬ ಮುದುಕ.

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನನ್ನ ತಪ್ಪೂ ಇದರಲ್ಲಿದೆ, ಹಾಗಾಗಿ ನಿಮಗೆ ಉಪಯೋಗಕ್ಕೆ ಬಂದೀತು.

ಬೆನ್ನುಮೂಳೆಯ ಆಪರೇಷನ್ ಆದ ಮೇಲೆ ಇವರಿಗೆ ಬಸ್ಸು ಓಡಿಸಲು ಆಗಲಿಲ್ಲ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದರು. ‘ಸ್ಟಿಯರಿಂಗ್ ಇಲ್ದಿರೋ ಕಡೆ ನಂಗೇನ್ ಕೆಲ್ಸ’ ಎಂದು ಇವರು ಸ್ವಯಂ ನಿವೃತ್ತಿ ತೆಗೆದುಕೊಂಡುಬಿಟ್ಟರು. ಆಮೇಲೆ ಒಂದು ವರ್ಷ, ಪದ್ಮನಾಭನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಮಲಗಿ, ಹೊರಗೆ ಹೋಗುವ ಬಸ್ಸಿನ ಸದ್ದು ಕೇಳಿ, ‘ಸೆಕೆಂಡ್ ಗೇರಲ್ಲಿ ಎತ್ಬೇಕಿತ್ತು, ಮುಂಡೇದು ಥರ್ಡಲ್ಲಿ ಎಳೀತಿದೆ’ ಎಂದು ಗೊಣಗುವುದು. ಇಡೀ ದಿನಕ್ಕೆ ಅಷ್ಟೇ ಅವರ ಮಾತು. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ನನ್ನ ಹೊಲಿಗೆ ಮಿಷನ್ನು. ನಾನು ಶ್ರೀನಗರದಲ್ಲಿ ಹೆಗಲಿಗೆ ಬ್ಯಾಗು ಹಾಕಿಕೊಂಡು ಮನೆಮನೆಗೆ ಬ್ಲೌಸ್ ಪೀಸು ಮಾರಿ ಶುರುಮಾಡಿದವಳು. ಯಾರೂ ಕೈಹಿಡಿದು ಮುಂದೆ ತಂದವರಿಲ್ಲ. ಮಾತಿಲ್ಲದ ಮನುಷ್ಯನ ಜೊತೆ ಒಂದು ಕೋಣೆಯಲ್ಲಿ ಕೂತು ಹೊಲಿಯುವುದು ಎಷ್ಟು ಭಾರ ಎನ್ನುವುದು ನನಗೆ ಆ ವರ್ಷ ಗೊತ್ತಾಯಿತು.

ಒಂದು ದಿನ ಇವರನ್ನು ನೋಡಲು ಇವರ ಹಳೆಯ ಕಂಡಕ್ಟರ್ ಬಂದ. ಇಬ್ಬರೂ ಒಂದೇ ಬಸ್ಸಿನಲ್ಲಿ ಹದಿನಾಲ್ಕು ವರ್ಷ ತಿರುಗಿದವರು. ಅವನು ಫೋನಿನಲ್ಲಿ ಯಾರೋ ಬಸ್ಸಿನ ಆಟ ಆಡುವುದನ್ನು ತೋರಿಸಿದ. ನಮ್ಮ ಕಡೆಯ ರಸ್ತೆಗಳನ್ನೇ ಯಾರೋ ಪುಣ್ಯಾತ್ಮರು ಆಟದೊಳಗೆ ಕಟ್ಟಿ ಇಟ್ಟಿದ್ದಾರೆ. ಬನಶಂಕರಿ ಸ್ಟ್ಯಾಂಡೂ ಇದೆ, ಕನಕಪುರ ರಸ್ತೆಯೂ ಇದೆ. ಇವರು ಎದ್ದು ಕೂತರು. ಒಂದು ವರ್ಷದಲ್ಲಿ ಯಾರೂ ಹೇಳದೆ ತಾವಾಗಿ ಎದ್ದು ಕೂತದ್ದು ಅದೇ ಮೊದಲು. ನಾನು ಮಾರನೆಯ ದಿನವೇ ಜಯನಗರಕ್ಕೆ ಹೋದೆ.

ಕಂಪ್ಯೂಟರ್ ಅಂಗಡಿಯವನ ಹತ್ತಿರ ಚೌಕಾಸಿ ಮಾಡುವುದು ಸೀರೆ ಅಂಗಡಿಗಿಂತ ಸುಲಭ, ಯಾಕೆಂದರೆ ಅಲ್ಲಿ ಹೆಂಗಸರು ಬಾಯಿಬಿಡುವುದಿಲ್ಲ ಎಂದು ಅವರು ನಂಬಿಕೊಂಡಿರುತ್ತಾರೆ. ಕಂಪ್ಯೂಟರು, ದೊಡ್ಡ ಪರದೆ, ಸ್ಟಿಯರಿಂಗು, ಪೆಡಲು, ಎಲ್ಲಕ್ಕೂ ಒಟ್ಟಿಗೆ ಬೆಲೆ ಮುಗಿಸಿದೆ. ಮುಗಿದ ಮೇಲೆ ಕೊಸರು ಕೇಳಿದೆ, ಪುಕ್ಕಟೆಯಾಗಿ ಮೇಲೊಂದು ಏನಾದರೂ. ಇದನ್ನು ನೆನಪಿಡಿ: ಕೊಸರನ್ನು ಬೆಲೆ ಗಟ್ಟಿಯಾದ ಮೇಲೆಯೇ ಕೇಳಬೇಕು. ಮೊದಲೇ ಕೇಳಿದರೆ ಅದನ್ನೂ ಬೆಲೆಯೊಳಗೆ ತುರುಕಿಬಿಡುತ್ತಾರೆ.

‘ಏನ್ ಆಂಟಿ, ಇದೇನ್ ಕೊತ್ತಂಬರಿ ಸೊಪ್ಪಾ ಕೊಸರು ಕೇಳೋಕೆ?’ ಎಂದು ಅಂಗಡಿಯವನು ನಕ್ಕ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು ಅಷ್ಟೆ, ಆದರೂ ಆಂಟಿ.

‘ಬಿಸಿಲಲ್ಲಿ ಕೂತಿರೋ ಸೊಪ್ಪಿನವಳೇ ಕೊಡ್ತಾಳೆ. ಎಸಿ ಹಾಕ್ಕೊಂಡು ಕೂತಿರೋ ನಿಮಗೇನಪ್ಪಾ ಕಷ್ಟ?’

‘ಈಗ ಏನೂ ಇಲ್ಲ ಆಂಟಿ. ಮುಂದೆ ಏನಾದ್ರೂ ಬಂದ್ರೆ ನೋಡೋಣ.’

ಬಾಯಿಮಾತಿಗೆ ಅಂದ. ನಾನು ಅದನ್ನು ಒಪ್ಪಂದ ಎಂದು ಹಿಡಿದೆ. ದಾರ, ಹುಕ್ಕು ತರಲು ಮಂಗಳವಾರ ಜಯನಗರಕ್ಕೆ ಹೋಗುತ್ತಿದ್ದೆನಲ್ಲ, ಹೋದಾಗೆಲ್ಲ ಅವನ ಗಾಜಿನ ಬಾಗಿಲು ತಳ್ಳಿ ‘ಏನ್ ಸಾರ್, ನನ್ ಕೊಸರು?’ ಎಂದು ಗಿರಾಕಿಗಳ ಎದುರಿಗೇ ಕೇಳುತ್ತಿದ್ದೆ. ಎರಡು ತಿಂಗಳಿಗೆ ಅವನಿಗೆ ಸಾಕಾಗಿ, ಒಳಗಿನಿಂದ ಒಂದು ಹಳೆಯ ಮಾನಿಟರ್ ತಂದು ಕೌಂಟರಿನ ಮೇಲೆ ಕುಕ್ಕಿದ. ಅದರ ಜೊತೆಗೆ ನೀಲಿ ಮೂತಿಯ ಹಳೆಯ ವೈರು, ಅದನ್ನು ಹೊಸ ಕಂಪ್ಯೂಟರಿಗೆ ಕೂಡಿಸಲು ಒಂದು ಅಡಾಪ್ಟರ್ ತುಂಡು. ‘ತಗೊಂಡು ಹೋಗಿ ತಾಯಿ,’ ಎಂದ. ಆಟೋದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದೆ. ಆ ದಿನದ ನನ್ನ ಹೆಮ್ಮೆ ನೆನೆದರೆ ಈಗ ಮೈ ಉರಿಯುತ್ತದೆ.

ಆಗಲೇ ಇವರು ವಾರಕ್ಕೆ ಮೂರು ಬೆಳಿಗ್ಗೆ ಆಟದ ಬಸ್ಸು ಓಡಿಸುವುದನ್ನು ನೇರವಾಗಿ ಎಲ್ಲರಿಗೂ ತೋರಿಸಲು ಶುರುಮಾಡಿದ್ದರು. ಸೊಂಟಕ್ಕೆ ಬೆಲ್ಟು ಕಟ್ಟಿ ಮುಕ್ಕಾಲು ಗಂಟೆ ಕೂರಬಹುದು ಎಂದು ಡಾಕ್ಟರು ಹೇಳಿದ್ದರು. ಆ ಮುಕ್ಕಾಲು ಗಂಟೆ ಬಾಯಿ ನಿಲ್ಲುತ್ತಿರಲಿಲ್ಲ. ‘ಈ ತಿರುವಲ್ಲಿ ಮರಳು ಬಿದ್ದಿರುತ್ತೆ, ಬ್ರೇಕ್ ಮುಟ್ಬೇಡಿ’ ಎನ್ನುವರು, ‘ಇಲ್ಲೊಬ್ಬಳು ಅಜ್ಜಿ ದಿನಾ ಹೂವಿನ ಬುಟ್ಟಿ ಹಿಡ್ಕೊಂಡು ಹತ್ತೋಳು’ ಎನ್ನುವರು. ಮುನ್ನೂರು, ನಾನೂರು ಜನ ನೋಡುವರು, ಕಾಮೆಂಟು ಬರೆಯುವರು. ಮೊದಲು ಆ ಕಾಮೆಂಟುಗಳನ್ನು ಫೋನಿನಲ್ಲಿ ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ಕೊಸರಿನ ಮಾನಿಟರು ಬಂದ ಮೇಲೆ ಅದರಲ್ಲಿ ಹಾಕಿಕೊಂಡು ದೊಡ್ಡ ಅಕ್ಷರದಲ್ಲಿ ಓದತೊಡಗಿದರು.

ಆ ವಾರದಿಂದಲೇ ವಿಡಿಯೋ ಹಾಳಾಯಿತು. ಬಸ್ಸು ಒಂದು ಕ್ಷಣ ನಿಂತು, ಮತ್ತೆ ಮುಂದಕ್ಕೆ ಹಾರುವುದು. ಇವರಿಗೆ ಆಡುವಾಗ ಅಷ್ಟಾಗಿ ತಿಳಿಯುತ್ತಿರಲಿಲ್ಲ. ನೋಡುವವರಿಗೆ ತಲೆ ತಿರುಗುತ್ತಿತ್ತು. ಕಾಮೆಂಟುಗಳು ಬಂದವು. ಮೊದಲು ‘ಅಂಕಲ್ ಲ್ಯಾಗ್ ಆಗ್ತಿದೆ’, ಆಮೇಲೆ ನಗೆಗಳು, ಆಮೇಲೆ ಆ ನಾಯಿ ಮುಖದವನು. ಇವರು ಅದನ್ನು ಓದಿದರು. ಆಟದ ಬಸ್ಸನ್ನು ರಸ್ತೆ ಪಕ್ಕಕ್ಕೆ ಹಾಕಿ, ಇಂಜಿನ್ನು ಆರಿಸಿ, ಎದ್ದುಹೋಗಿ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದರು.

ಕಂಡಕ್ಟರನ ಫೋನು ಬಂದದ್ದು ಎರಡು ದಿನದ ನಂತರ. ತಿಂಗಳ ಕೊನೆಗೆ ಅವನಿಗೆ ನಿವೃತ್ತಿ. ‘ಗುರೂ, ಹಾರ ಶಾಲು ಎಲ್ಲ ಇದ್ದಿದ್ದೇ. ನಂಗೆ ಒಂದ್ ಕೊನೇ ಟ್ರಿಪ್ ಬೇಕು, ನಿನ್ ಜೊತೆ. ಮುಂದಿನ ಭಾನುವಾರ ಹತ್ತು ಗಂಟೆಗೆ ಡಿಪೋ ರೆಸ್ಟ್ ರೂಮಿನ ಟಿವೀಲಿ ಹಾಕ್ಸ್ತೀನಿ. ನೀನು ಬಸ್ ಎತ್ತು, ನಾನ್ ಫೋನಲ್ಲಿ ಟಿಕೆಟ್ ಕೊಡ್ತೀನಿ. ಬನಶಂಕರಿಯಿಂದ ತಲಘಟ್ಟಪುರ. ನಮ್ ಮೊದಲ್ನೇ ರೂಟು.’

‘ಆಗಲ್ಲ ಕಣಯ್ಯ. ವಿಡಿಯೋ ಸರಿ ಇಲ್ಲ.’

‘ಸರಿ ಮಾಡ್ಸು. ಇಡೀ ಡಿಪೋಗೆ ಹೇಳಾಗಿದೆ.’

ಫೋನಿಟ್ಟ ಮೇಲೆ ಇವರು ನನ್ನ ಕಡೆ ತಿರುಗಿ, ‘ಅಲ್ಲಿರೋರೆಲ್ಲ ಡ್ರೈವರುಗಳೇ ಕಣೇ. ಅವರ ಮುಂದೆ ಬಸ್ ಹಂಗೆ ಎಗರಿದ್ರೆ ನಾನು ಇನ್ನೊಂದ್ ಸಲ ಡಿಪೋ ಕಡೆ ಮುಖ ಹಾಕಲ್ಲ,’ ಎಂದರು. ಭಾನುವಾರಕ್ಕೆ ಒಂಬತ್ತು ದಿನವಿತ್ತು.

ನಾನು ಮೊದಲು ಜಗಳಕ್ಕೆ ಹೋದದ್ದು ಇಂಟರ್ನೆಟ್ಟಿನವನ ಹತ್ತಿರ. ಅವನು ಮನೆಗೆ ಬಂದು ಮೀಟರು ತೋರಿಸಿ ‘ಲೈನ್ ಸಖತ್ತಾಗಿದೆ ಮೇಡಂ, ಹೊಸದೇನಾದ್ರೂ ತಗೊಂಡ್ರಾ?’ ಎಂದ. ಏನೂ ಇಲ್ಲ ಎಂದೆ. ನಾನು ನಂಬದೆ ಬೈದೆ. ಅವನ ಬೆವರಿನ ಬೆರಳಚ್ಚು ನನ್ನ ಹೊಸ ಲೈನಿಂಗ್ ಬಟ್ಟೆಯ ಮೇಲೆ ಬಿದ್ದದ್ದಷ್ಟೇ ಲಾಭ. ಆಮೇಲೆ ಇಂಟರ್ನೆಟ್ಟಿನಲ್ಲೇ ಸಲಹೆ ಹುಡುಕಿದೆ. ಛೀ, ಅದೊಂದು ಸಂತೆ. ಒಬ್ಬೊಬ್ಬನೂ ಹತ್ತು ನಿಮಿಷ ತನ್ನ ಕೂದಲು ಸವರಿಕೊಂಡು, ಚಾನೆಲ್ಲಿಗೆ ಸೇರಿ ಎಂದು ಬೇಡಿ, ಕೊನೆಗೆ ‘ಸೆಟಿಂಗ್ಸ್ ಕಡಿಮೆ ಮಾಡಿ’ ಎನ್ನುವನು. ಮಾಡಿದೆವು. ಆಟದ ಚಿತ್ರ ಮಂಕಾಯಿತು, ಮರಗಳೆಲ್ಲ ರಟ್ಟಿನ ಹಾಗಾದವು, ಬಸ್ಸು ಮಾತ್ರ ಹಾಗೇ ಎಗರುತ್ತಿತ್ತು.

ಅಂಗಡಿಯವನು ಕಡೆಗೂ ಮನೆಗೆ ಬಂದ. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದ. ಒಳಗೆ ನನ್ನ ಹೊಲಿಗೆಯ ದಾರದ ನಾರು, ಬಟ್ಟೆಯ ಧೂಳು, ಕೂದಲು, ಎಲ್ಲ ಒಂದಕ್ಕೊಂದು ಹೆಣೆದುಕೊಂಡು ಫ್ಯಾನಿನ ಮೇಲೆ ಬೂದು ಬಣ್ಣದ ಕಂಬಳಿಯಾಗಿತ್ತು. ಅದರೊಳಗಿಂದ ಒಂದು ಜಿರಲೆ ಸಾವಕಾಶವಾಗಿ ಎದ್ದುಬಂದು ನಮ್ಮನ್ನು ನೋಡಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವನು ಮಾತ್ರ ನಗುತ್ತಾ, ‘ಆಂಟಿ, ಇದೂ ಕೊಸರಾ?’ ಎಂದ. ಎಲ್ಲ ತೆಗೆದು, ಊದಿ, ಒರೆಸಿದ. ಇವರನ್ನು ಕೂರಿಸಿ ಐದು ನಿಮಿಷ ಆಟ ರೆಕಾರ್ಡ್ ಮಾಡಿಸಿ ನೋಡಿದ. ಬೆಣ್ಣೆಯ ಹಾಗೆ ಹೋಯಿತು.

‘ನೋಡಿ, ಕ್ಲೀನ್ ಆಯ್ತು. ಹೊಸದು ಏನಾದ್ರೂ ತಗೊಂಡ್ರಾ ಇದಕ್ಕೆ? ಕಂಪ್ಯೂಟರ್ ಆದ್ಮೇಲೆ?’

‘ಏನೂ ತಗೊಂಡಿಲ್ಲ,’ ಎಂದೆ.

ಮಾರನೆಯ ಬೆಳಿಗ್ಗೆ ನೇರ ಪ್ರಸಾರದಲ್ಲಿ ಮತ್ತೆ ಅದೇ. ಫೋನು ಮಾಡಿದರೆ, ‘ಗ್ರಾಫಿಕ್ಸ್ ಕಾರ್ಡೇ ಚೇಂಜ್ ಮಾಡ್ಬೇಕು ಆಂಟಿ’ ಎಂದ, ಈಗಷ್ಟೇ ಹೊಳೆದವನ ಹಾಗೆ. ಹೊಸ ಕಂಪ್ಯೂಟರಿಗೆ ಇನ್ನೂ ಮೂರು ತಿಂಗಳೂ ತುಂಬಿರಲಿಲ್ಲ. ಕಾಯಿಲೆ ಏನೆಂದು ತಿಳಿಯದವರು ದೊಡ್ಡ ಭಾಗವನ್ನೇ ಕಿತ್ತುಹಾಕಲು ಹೇಳುತ್ತಾರೆ; ಅಂಥವರಿಂದ ದೂರವಿರಿ.

ಬುಧವಾರ ಬಿಟಿಎಂ ಲೇಔಟಿನಿಂದ ಒಬ್ಬಳು ಬ್ಲೌಸಿಗೆ ಬಂದಳು. ಬಾಗಲಕೋಟೆ ಕಡೆಯ ಹುಡುಗಿ, ಯಾವುದೋ ಕಂಪನಿಯಲ್ಲಿ ಕೆಲಸ. ಬೇರೆಯವರು ಬರೆದ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಕೆಲಸವಂತೆ. ತೋಳಿನ ಅಳತೆ ತೆಗೆಯುವಾಗ ನಾನು ಅಂಗಡಿಯವನನ್ನು ಶಪಿಸುತ್ತಿದ್ದೆ. ಅವಳು ತೋಳು ಎತ್ತಿಕೊಂಡೇ ಕೇಳಿದಳು.

‘ಅಕ್ಕಾರ, ಇದು ಯಾವಾಗಿಂದ ಹಿಂಗ ಮಾಡಾಕತ್ತೈತ್ರಿ?’

‘ಮೂರು ವಾರ ಆಯ್ತಮ್ಮ.’

‘ಆವಾಗ ಏನರ ಹೊಸಾದು ತಗೊಂಡೀರೇನ್ರಿ?’

‘ಎಲ್ರೂ ಇದೇ ಕೇಳ್ತಾರೆ. ಏನೂ ತಗೊಂಡಿಲ್ಲ ಅಂತ ಹೇಳಿ ಹೇಳಿ ಸಾಕಾಯ್ತು.’

ಅವಳು ಇವರಿಂದ ಹಿಂದಿನ ಪ್ರಸಾರದ ದಿನ ಕಂಪ್ಯೂಟರಿನಲ್ಲೇ ಉಳಿದಿದ್ದ ರೆಕಾರ್ಡು ಹಾಕಿಸಿದಳು. ಅದರಲ್ಲೂ ಬಸ್ಸು ಎಗರುತ್ತಿತ್ತು. ‘ಇದು ಮನಿ ಬಿಟ್ಟು ಹೊರಗ ಹೋಗಿಲ್ಲಲ್ರಿ. ಅಂದಮ್ಯಾಲ ಇಂಟರ್ನೆಟ್ ತಪ್ಪಲ್ಲ,’ ಎಂದಳು. ಎಷ್ಟು ಸರಳ! ನಿಮ್ಮ ಮನೆಯಲ್ಲೂ ಹೀಗಾದರೆ ಮೊದಲು ಇದನ್ನೇ ಮಾಡಿ, ಆಮೇಲೆ ಯಾರನ್ನಾದರೂ ಬೈಯಿರಿ. ಆ ಇಂಟರ್ನೆಟ್ಟಿನವನಿಗೆ ನಾನು ಅಂದ ಮಾತುಗಳು ಈಗ ನನ್ನ ಬಾಯಲ್ಲೇ ಕಹಿಯಾಗಿ ನಿಂತವು.

‘ಖಾಲಿ ರೆಕಾರ್ಡ್ ಮಾಡಿದ್ರ ಛಲೋ ಬರ್ತೈತಿ, ಮಂದಿ ನೋಡಾಕತ್ರ ಕೆಡ್ತೈತಿ. ಹೌದಲ್ರಿ ಕಾಕಾ?’

‘ಜನ ಜಾಸ್ತಿ ಆದಷ್ಟೂ ಜಾಸ್ತಿ ಕೆಡುತ್ತಮ್ಮ,’ ಎಂದರು ಇವರು. ‘ದೃಷ್ಟಿ ಅಂತಾಳೆ ಇವಳು.’

‘ಮಂದಿ ಬಂದ್ರ ನಿಮ್ಮ ಮನಿಯೊಳಗ ಏನ್ ಬದಲಾಗ್ತೈತಿ?’

ಇವರು ಯೋಚಿಸಿ, ‘ಕಾಮೆಂಟ್ ಬರುತ್ತೆ. ಅಷ್ಟೇ,’ ಎಂದರು. ಅವಳ ಕಣ್ಣು ಹಳೆಯ ಮಾನಿಟರಿಗೆ ಹೋಯಿತು.

‘ಇದು ಯಾವಾಗ ತಗೊಂಡಿದ್ರಿ?’

‘ಅದು ತಗೊಂಡಿದ್ದಲ್ಲ. ಕೊಸರಿಗೆ ಬಂದಿದ್ದು.’

ಅವಳು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು, ಹೊಟ್ಟೆ ಹಿಡಿದುಕೊಂಡು. ‘ಅಕ್ಕಾರ, ಕೊಸರು ಅನ್ನೂದು ಕಂಪ್ಯೂಟರಿಗೆ ಗೊತ್ತಿಲ್ರಿ. ವೈರ್ ಹಚ್ಚಿದ್ರ ಅದಕ್ಕ ಎಲ್ಲಾ ಒಂದ.’

ನಾನು ಸುಳ್ಳು ಹೇಳಿರಲಿಲ್ಲ. ಕೊಸರು ಎಂದರೆ ಕೊಂಡದ್ದಲ್ಲ. ಕೊಂಡದ್ದರ ತುದಿಗೆ ಅಂಟಿಕೊಂಡು ಬಂದದ್ದು. ಮೂರು ಜನ ಕೇಳಿದ್ದರು, ಮೂವರಿಗೂ ನಿಜವನ್ನೇ ಹೇಳಿದ್ದೆ. ಕೊಟ್ಟವನಿಗೂ ತಾನು ಕೊಟ್ಟದ್ದು ನೆನಪಾಗಿರಲಿಲ್ಲ, ಅವನ ಪಾಲಿಗೂ ಅದು ಮಾರಿದ್ದಾಗಿರಲಿಲ್ಲ!

ಅವಳು ನಮ್ಮ ಹೊರತು ಯಾರಿಗೂ ಕಾಣದ ಹಾಗೆ ಒಂದು ಪ್ರಸಾರ ಶುರುಮಾಡಿಸಿದಳು. ಇವರು ಬಸ್ಸು ಎತ್ತಿದರು. ನಾವಿಬ್ಬರೂ ಒಂದೊಂದು ಫೋನು ಹಿಡಿದು ಸರಸರ ಕಾಮೆಂಟು ಬರೆದೆವು. ನನಗೆ ಬರೆಯಲು ಏನೂ ತೋಚದೆ ‘ಬ್ಲೌಸ್ ಶುಕ್ರವಾರ ರೆಡಿ’ ಎಂದು ಹತ್ತು ಸಲ ಬರೆದೆ. ಹಳೆಯ ಮಾನಿಟರಿನಲ್ಲಿ ಅಕ್ಷರಗಳು ಮೇಲಕ್ಕೆ ಓಡತೊಡಗಿದವು. ವಿಡಿಯೋದಲ್ಲಿ ಬಸ್ಸು ಎಗರತೊಡಗಿತು. ಬರೆಯುವುದು ನಿಲ್ಲಿಸಿದೆವು, ಬಸ್ಸು ನೆಟ್ಟಗಾಯಿತು. ಮತ್ತೆ ಬರೆದೆವು, ಮತ್ತೆ ಎಗರಿತು. ದೊಡ್ಡ ಪರದೆ ಸೆಕೆಂಡಿಗೆ ನೂರನಲವತ್ತನಾಲ್ಕು ಸಲ ಚಿತ್ರ ಬದಲಿಸುತ್ತದಂತೆ, ಹಳೆಯದು ಅರವತ್ತೇ ಸಲ. ಹಳೆಯದರ ಮೇಲೆ ಏನೂ ಅಲುಗದಿದ್ದರೆ ಚಿಂತೆಯಿಲ್ಲ, ಅಲುಗಿದರೆ ಕಂಪ್ಯೂಟರು ಎರಡರ ನಡುವೆ ತಡವರಿಸುತ್ತದೆ. ನನಗೆ ಕೂಡಲೇ ಅರ್ಥವಾಯಿತು. ಒಂದೇ ಬಟ್ಟೆಯನ್ನು ಎರಡು ಮಿಷನ್ನಿಗೆ ಕೊಟ್ಟು, ಒಂದಕ್ಕೆ ಸಣ್ಣ ಹೊಲಿಗೆ, ಇನ್ನೊಂದಕ್ಕೆ ದೊಡ್ಡ ಹೊಲಿಗೆ ಇಟ್ಟರೆ ಬಟ್ಟೆ ಸುಕ್ಕಾಗದೆ ಇರುತ್ತದೆಯೇ? ದೊಡ್ಡ ಪರದೆಯನ್ನೂ ಅರವತ್ತಕ್ಕೆ ಇಳಿಸಿ ನೋಡಿದಳು. ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಆ ನೀಲಿ ಮೂತಿಯ ವೈರನ್ನು ಎಳೆದುಹಾಕಿದಳು. ಪೂರ್ತಿ ಹೋಯಿತು.

‘ಎಲ್ಲರ ಮನಿಯಾಗೂ ಇದ ಇರ್ತೈತಿ ಅಂತಲ್ರಿ,’ ಎಂದಳು. ‘ಒಂದೊಂದ ತೆಗದು ನೋಡ್ಬೇಕು. ಕಡೀಗೆ ಬಂದದ್ದನ್ನ ಮೊದಲ ತೆಗೀಬೇಕು.’

ಅವಳ ಬ್ಲೌಸಿಗೆ ಹೊಲಿಗೆ ಕೂಲಿ ತೆಗೆದುಕೊಳ್ಳಲಿಲ್ಲ. ಮಾನಿಟರನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ ಇದರ ಬದಲು ಬೇರೆ ಕೊಡು ಎಂದೆ. ‘ಕೊಸರಿಗೆ ಎಕ್ಸ್‌ಚೇಂಜಾ? ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ’ ಎಂದ. ಅವನನ್ನು ಕಂಡು ಹೇಸಿಗೆಯಾಯಿತು. ಗಾಜಿನ ಬಾಗಿಲಿನಲ್ಲಿ ಅವನ ಬಿಂಬದ ಪಕ್ಕದಲ್ಲೇ ನಾನೂ ಕಂಡೆ, ತೋಳಿನಲ್ಲಿ ಮಾನಿಟರ್ ಅಪ್ಪಿಕೊಂಡು. ಅದನ್ನು ಅಲ್ಲೇ ಬಿಟ್ಟು ಬಂದೆ.

ಒಂದು ತೊಡಕು ಉಳಿದಿತ್ತು. ಕಾಮೆಂಟು ಓದುವುದು ಹೇಗೆ? ಫೋನು ನೋಡಲು ತಲೆ ಬಗ್ಗಿಸಿದರೆ ಇವರ ಬೆನ್ನು ಹಿಡಿಯುತ್ತದೆ. ಹಾಗಾಗಿ ಭಾನುವಾರ ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ಒಂದು ಫೋನಿನಲ್ಲಿ ಕಾಮೆಂಟು, ಇನ್ನೊಂದರಲ್ಲಿ ಕಂಡಕ್ಟರನ ದನಿ ಇಟ್ಟುಕೊಂಡು ಕೂತೆ. ಇವರು ಖಾಕಿ ಹಾಕಿರಲಿಲ್ಲ, ಆದರೆ ಗಡ್ಡ ಕೆರೆದು ಕೂದಲು ಬಾಚಿದ್ದರು. ಸ್ಟಿಯರಿಂಗನ್ನು ಎರಡೆರಡು ಸಲ ಒರೆಸಿದರು.

‘ಬನಶಂಕರಿ, ಕೋಣನಕುಂಟೆ, ತಲಘಟ್ಟಪುರಾ!’ ಎಂದು ಫೋನಿನಿಂದ ಕೂಗು ಬಂತು. ‘ಅತ್ತಿಗೆ, ನಿಮ್ಗೂ ಟಿಕೆಟ್ ಹರೀಲಾ? ರೈಟ್, ರೈಟ್!’

ನಮ್ಮ ಮನೆಯ ಚಿತ್ರ ಡಿಪೋದ ಟಿವಿ ಮುಟ್ಟಲು ಏಳೆಂಟು ಸೆಕೆಂಡು ತಡವಾಗುತ್ತಿತ್ತು. ಹಾಗಾಗಿ ಪ್ರತಿ ಸ್ಟಾಪಿನಲ್ಲೂ ಇವರು ಬಸ್ಸು ನಿಲ್ಲಿಸಿ, ಅಲ್ಲಿ ಟಿವಿಯಲ್ಲೂ ನಿಂತದ್ದು ಕಂಡು, ಜನ ಇಳಿದು ಹತ್ತಿ, ಅವನು ‘ರೈಟ್’ ಎನ್ನುವವರೆಗೆ ಕಾಯುತ್ತಿದ್ದರು. ನಾನು ಕಾಮೆಂಟು ಓದುತ್ತಿದ್ದೆ. ಓದಬಾರದ್ದೂ ಬರುತ್ತಿತ್ತು. ಹೆಂಗಸಿನ ದನಿ ಕೇಳಿದ್ದೇ ತಡ, ಮನೆಯಲ್ಲಿ ತಾಯಿ ಇಲ್ಲದವರ ಹಾಗೆ ಬರೆದರು. ಥೂ! ಅವನ್ನು ಬೆರಳಿನಿಂದ ಒರೆಸಿ ಎಸೆದು, ಕೆಳಗಿನದನ್ನು ಗಟ್ಟಿಯಾಗಿ ಓದಿದೆ. ಚೌಕಾಸಿಯಲ್ಲಿ ಅರ್ಧ ಕಿವುಡಾಗಿರುವುದು ನನಗೆ ಅಭ್ಯಾಸವಿದೆ.

ಕೋಣನಕುಂಟೆ ದಾಟಿದ ಮೇಲೆ ಆಟದೊಳಗೆ ಒಂದು ದನ ಅಡ್ಡ ಬಂತು. ಇವರು ಬ್ರೇಕು ಒತ್ತಿದರು. ಬಸ್ಸು ಮುಗ್ಗರಿಸಿ ನಿಂತಿತು. ಇದು ಇನ್ನೂ ಅಲ್ಲಿಗೆ ತಲುಪಿಲ್ಲ; ತಲುಪಿದಾಗ ಏನನ್ನುತ್ತಾರೆ? ಮತ್ತೆ ಅದೇ ಅನ್ನುತ್ತಾರೆಯೇ? ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದೆ. ಇವರೂ ಎಣಿಸುತ್ತಿದ್ದರು, ತುಟಿ ಅಲುಗುತ್ತಿತ್ತು.

‘ಲೋ ಗುರೂ!’ ಎಂದು ಫೋನು ಅರಚಿತು. ಹಿಂದೆ ಇಡೀ ರೆಸ್ಟ್ ರೂಮು ಹೋ ಎಂದಿತು. ‘ನಿಂತಿದ್ದೋರೆಲ್ಲ ನನ್ ಮೇಲೇ ಬಿದ್ರಲ್ಲೋ! ಹೇಳಿ ಬ್ರೇಕ್ ಹಾಕಯ್ಯ!’

‘ದನಕ್ಕೆ ಹೇಳು,’ ಎಂದರು ಇವರು. ಅಲ್ಲಿ ಇನ್ನೊಬ್ಬ ಡ್ರೈವರನ ದನಿ, ‘ಬ್ರೇಕು ಸಖತ್ತಾಗಿ ಹಿಡ್ದ, ಇಂಚು ಬಿಟ್ಟಿಲ್ಲ’ ಎಂದದ್ದು ನನಗೆ ಕೇಳಿಸಿತು. ಇವರಿಗೂ ಕೇಳಿಸಿತು. ಗೇರು ಹಾಕಿ ಬಸ್ಸು ಎತ್ತಿದರು.

ತಲಘಟ್ಟಪುರದಲ್ಲಿ ಬಸ್ಸನ್ನು ಎಡಕ್ಕೆ ತೆಗೆದುಕೊಂಡು, ಸ್ಟಾಪಿನ ಕಟ್ಟೆಗೆ ಒಂದು ಗೇಣು ಬಿಟ್ಟು ನಿಲ್ಲಿಸಿದರು. ಹ್ಯಾಂಡ್ ಬ್ರೇಕು ಎಳೆದರು. ಇಂಜಿನ್ನು ಆರಿಸಿದರು.

‘ಗುರೂ, ಇಳೀಲಾ?’ ಎಂದ ಕಂಡಕ್ಟರ್.

‘ನಿಂತ ಮೇಲೆ ಇಳಿ,’ ಎಂದರು ಇವರು.

ನಮ್ಮ ಕೋಣೆಯಲ್ಲಿ ಬಸ್ಸು ಆಗಲೇ ನಿಂತಿತ್ತು. ಅಲ್ಲಿ ಟಿವಿಯಲ್ಲಿ ಅದು ಇನ್ನೂ ಬರುತ್ತಿತ್ತು. ಫೋನಿನ ಮೇಲೆ ಹೊಲಸು ಹರಿಯುತ್ತಲೇ ಇತ್ತು; ಅದನ್ನು ಮಗುಚಿ ಮಡಿಲಲ್ಲಿಟ್ಟುಕೊಂಡೆ. ಇವರು ಎರಡೂ ಕೈ ಸ್ಟಿಯರಿಂಗಿನ ಮೇಲೆ ಇಟ್ಟು, ಕನ್ನಡಿಯಲ್ಲಿ ಬಾಗಿಲು ನೋಡುವವರ ಹಾಗೆ ಎಡಕ್ಕೆ ತಿರುಗಿ ಕಾದರು. ಆಮೇಲೆ ಫೋನಿನಲ್ಲಿ ಕಂಡಕ್ಟರನ ಸೀಟಿ ಕೇಳಿಸಿತು, ಬಸ್ಸು ನಿಲ್ಲಿಸುವ ಸೀಟಿ, ಉದ್ದನೆಯದು, ಒಂದೇ.